ಬಿದ್ದ ಹಲ್ಲನ್ನು ಮರಳಿ ಕೂರಿಸಿದ ಅಬುಲ್ ಕಾಸಿಮ್ ಝಹ್ರಾವಿ

ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಬೆಳಗಾಗುತ್ತಲೇ ಒಂದೇ ಯೋಚನೆ: ಈ ಹಲ್ಲನ್ನು ಕೀಳಿಸಿಬಿಡಬೇಕು. ಈ ಅವಸರ ಸಲ್ಲದೆಂದು ಸಾವಿರ ವರ್ಷಗಳ ಹಿಂದೆಯೇ ಎಚ್ಚರಿಸಿದ ಒಬ್ಬ ಮುಸ್ಲಿಮ್ ವೈದ್ಯರ ಕುರಿತು ನೀವು ತಿಳಿಯಬೇಕು. ಅವರೇ ಅಬುಲ್ ಕಾಸಿಮ್ ಝಹ್ರಾವಿ. ಯುರೋಪಿನವರು ಅವರನ್ನು ಅಲ್ಬುಕಾಸಿಸ್ ಎಂದು ಕರೆದರು.

ಸ್ಪೇನಿನ ಕುರ್ತುಬಾ ನಗರದ ಬಳಿ ಖಲೀಫಾ ಮೂರನೇ ಅಬ್ದುರ್ರಹ್ಮಾನ್ 936ರ ಸುಮಾರಿಗೆ ಕಟ್ಟಿಸತೊಡಗಿದ ಮದೀನತುಝ್ಝಹ್ರಾ ಇವರ ಊರು. ಹೆಸರೂ ಅಲ್ಲಿಂದಲೇ ಬಂದುದು. 1010ರಲ್ಲಿ ಅಂತಃಕಲಹದಲ್ಲಿ ಆ ನಗರ ನಾಶವಾಯಿತು. ಸುಮಾರು 1013ರಲ್ಲಿ ಝಹ್ರಾವಿಯವರೂ ನಿಧನರಾದರು. ಅರಮನೆಗಳು ಮಣ್ಣಾದವು, ಆದರೆ ಅವರ ಗ್ರಂಥ ಉಳಿಯಿತು.

ಆ ಗ್ರಂಥವೇ 'ಅತ್ತಸ್ರೀಫ್'. ಅದರಲ್ಲಿ 30 ಭಾಗಗಳಿವೆ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಶಿಷ್ಯರನ್ನು ಅವರು ಮಕ್ಕಳೇ ಎಂದು ಸಂಬೋಧಿಸುತ್ತಾರೆ. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಭಾಗವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದರು. ನಂತರ ಶತಮಾನಗಳ ಕಾಲ ಯುರೋಪಿನ ವೈದ್ಯರು ಅದನ್ನು ಓದಿದರು.

ಹಲ್ಲಿನ ವಿಷಯದಲ್ಲಿ ಅವರ ನಿಲುವು ಸ್ಪಷ್ಟ. ಎಲ್ಲ ಚಿಕಿತ್ಸೆಗಳೂ ವಿಫಲವಾದ ಮೇಲೆಯೇ ಹಲ್ಲು ಕೀಳಬೇಕು. ಅದಕ್ಕೂ ಮೊದಲು ನೋಯುವ ಹಲ್ಲು ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಏಕೆಂದರೆ ನೋವು ರೋಗಿಯನ್ನು ಮೋಸಗೊಳಿಸುತ್ತದೆ. ಅವನು ಪಕ್ಕದ ಆರೋಗ್ಯವಂತ ಹಲ್ಲನ್ನು ತೋರಿಸುತ್ತಾನೆ, ಅರಿವಿಲ್ಲದ ಕ್ಷೌರಿಕ ಅದನ್ನೇ ಕೀಳುತ್ತಾನೆ, ನೋವು ಮಾತ್ರ ಹಾಗೆಯೇ ಉಳಿಯುತ್ತದೆ.

ಅಲುಗಾಡುವ ಹಲ್ಲನ್ನು ಅವರು ಚಿನ್ನದ ತಂತಿಯಿಂದ ಗಟ್ಟಿ ಹಲ್ಲುಗಳಿಗೆ ಹೆಣೆದು ಕಟ್ಟುತ್ತಿದ್ದರು. ಬೆಳ್ಳಿ ಬೇಗನೆ ಕಿಲುಬು ಹಿಡಿಯುತ್ತದೆ, ಚಿನ್ನ ಕೆಡದು ಎಂಬುದು ಇದಕ್ಕೆ ಕಾರಣ. ನಾಲಿಗೆಗೆ ಚುಚ್ಚದಂತೆ ತಂತಿಯ ತುದಿಯನ್ನು ಹಲ್ಲುಗಳ ನಡುವೆ ಮರೆಮಾಡುತ್ತಿದ್ದರು. ಒಂದೆರಡು ಹಲ್ಲು ಉದುರಿದ್ದರೆ ಅವನ್ನೇ ಮರಳಿ ಸ್ಥಳದಲ್ಲಿ ಕೂರಿಸಿ ಹೀಗೆಯೇ ಕಟ್ಟಬಹುದು, ಆದರೆ ಕೈ ಹಗುರವಿರುವ ನುರಿತವನೇ ಈ ಕೆಲಸ ಮಾಡಬೇಕು ಎಂದರು. ಹಲ್ಲು ಸಿಗದಿದ್ದರೆ ಎತ್ತಿನ ಮೂಳೆಯಿಂದ ಕೆತ್ತಿದ ಹಲ್ಲನ್ನು ಇರಿಸುವ ಕ್ರಮವನ್ನೂ ಬರೆದಿದ್ದಾರೆ.

ಇಂದು ದಂತವೈದ್ಯರು ಬೇರಿನ ಸೋಂಕು ಬೇರೆ ದಾರಿಯಿಂದ ವಾಸಿಯಾಗದಿದ್ದಾಗ ಕೆಲವೊಮ್ಮೆ ಹಲ್ಲನ್ನು ಜೋಪಾನವಾಗಿ ಹೊರತೆಗೆದು, ಬೇರನ್ನು ಸರಿಪಡಿಸಿ, ಕೆಲವೇ ನಿಮಿಷಗಳಲ್ಲಿ ಅದೇ ಗುಳಿಯಲ್ಲಿ ನೆಡುತ್ತಾರೆ. ಬೇರಿನ ಮೇಲಿರುವ ತೆಳುವಾದ ಜೀವಂತ ಪದರ ಒಣಗದಿದ್ದರೆ ಹಲ್ಲು ಮತ್ತೆ ಎಲುಬಿಗೆ ಅಂಟಿಕೊಳ್ಳುತ್ತದೆ.

ಓದುಗರೇ, ಇದು ನಿಮ್ಮ ಮನೆಗೂ ಬೇಕಾದ ತಿಳುವಳಿಕೆ. ಆಟದಲ್ಲಿ ಬಿದ್ದು ಮಗುವಿನ ಶಾಶ್ವತ ಹಲ್ಲು ಕಿತ್ತು ಬಂದರೆ ಅದನ್ನು ಎಸೆಯಬೇಡಿ. ಬೇರನ್ನು ಮುಟ್ಟದೆ, ಉಜ್ಜದೆ, ಮೇಲ್ಭಾಗ ಹಿಡಿದು ಎತ್ತಿಕೊಳ್ಳಿ. ಮಣ್ಣಾಗಿದ್ದರೆ ಕ್ಷಣಕಾಲ ತೊಳೆದು ಕೂಡಲೇ ಗುಳಿಯಲ್ಲಿ ಕೂರಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ. ಯಾವುದೇ ಸಂದರ್ಭದಲ್ಲೂ ತಡಮಾಡದೆ ದಂತವೈದ್ಯರ ಬಳಿಗೆ ಓಡಿರಿ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು.

ದೇಹ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಅದರ ಒಂದು ಸಣ್ಣ ಹಲ್ಲನ್ನೂ ಸುಲಭವಾಗಿ ಬಿಟ್ಟುಕೊಡದಿರುವುದನ್ನು ಝಹ್ರಾವಿಯವರ ಬದುಕು ನಮಗೆ ಕಲಿಸುತ್ತದೆ.