ಫೈಜ್‌ಪುರಕ್ಕೆ ಹೋದ ಕಾರ್ನಾಡು ಸದಾಶಿವ ರಾಯರು

ಕೋರ್ಟಿಗೋ, ಆಸ್ಪತ್ರೆಗೋ, ಮದುವೆಯ ಜವಳಿಗೋ ಎಂದು ಮಂಗಳೂರಿಗೆ ಹೋಗಿ ಬರುವ ನಮ್ಮೂರಿನವರಿಗೆಲ್ಲ ಹಂಪನಕಟ್ಟೆಯ ಕೆ.ಎಸ್. ರಾವ್ ರಸ್ತೆ ಗೊತ್ತುಂಟು. ಆದರೆ ಆ ಕೆ.ಎಸ್. ರಾವ್ ಯಾರು ಎಂದು ಕೇಳಿದರೆ ಹೇಳುವವರು ಕಡಿಮೆ. ಬೆಂಗಳೂರಿನ ಸದಾಶಿವನಗರಕ್ಕೂ ಅವರದ್ದೇ ಹೆಸರು. ಅಲ್ಲಿ ಇಂದು ಒಂದು ಸೆಂಟ್ಸ್ ಜಾಗ ಕೊಳ್ಳುವುದು ನಮ್ಮಂಥವರಿಂದ ಆಗದ ಮಾತು. ಆ ಹೆಸರಿನ ಒಡೆಯರು ಮಾತ್ರ ಇದ್ದ ಆಸ್ತಿಯನ್ನೆಲ್ಲ ದೇಶದ ಕೆಲಸಕ್ಕೆ ಕೊಟ್ಟು, ಬರಿಗೈಯಲ್ಲಿ ಕಣ್ಣು ಮುಚ್ಚಿದವರು. ನಮ್ಮ ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸದಸ್ಯ ಬಾಂಧವರಿಗೆ ಅವರ ಬದುಕನ್ನು ನಾಲ್ಕು ಮಾತುಗಳಲ್ಲಿ ತಿಳಿಸೋಣ ಎಂದು ಈ ಬರಹ.

ಕಾರ್ನಾಡು ಸದಾಶಿವ ರಾಯರು ಹುಟ್ಟಿದ್ದು 1881ರಲ್ಲಿ, ಮಂಗಳೂರಿನಲ್ಲಿ. ಕಾರ್ನಾಡು ಎಂಬುದು ಮುಲ್ಕಿಯ ಹತ್ತಿರದ ಊರು. ಮನೆತನಕ್ಕೆ ಆ ಊರಿನ ಹೆಸರು ಅಂಟಿಕೊಂಡು ಬಂತು. ತಂದೆ ರಾಮಚಂದ್ರ ರಾಯರು ವಕೀಲರು, ತಾಯಿ ರಾಧಾಬಾಯಿ. ಅನುಕೂಲಸ್ಥರ ಮನೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಕಾನೂನು ಓದಿ, ಊರಿಗೆ ಬಂದು ವಕೀಲಿ ಹಿಡಿದರು. ಅದನ್ನೇ ಮಾಡಿಕೊಂಡು ಇದ್ದಿದ್ದರೆ ನಾಲ್ಕು ತಲೆಮಾರು ಕೂತು ಉಣ್ಣುವಷ್ಟು ಆಗುತ್ತಿತ್ತು. ಆದರೆ ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಪತ್ನಿ ಶಾಂತಾಬಾಯಿಯವರ ಜತೆ ಸೇರಿ ಮಹಿಳಾ ಸಭೆಯನ್ನು ಕಟ್ಟಿದರು. ವಿಧವೆಯರಿಗೂ ಬಡ ಹೆಂಗಸರಿಗೂ ಓದು, ಕಸುಬು ಕಲಿಸುವುದು ಅದರ ಉದ್ದೇಶ. ಆ ಕಾಲಕ್ಕೆ ಇದು ಸಣ್ಣ ಕೆಲಸವಲ್ಲ, ಮನೆಯವರ ಬಾಯಿಗೂ ಊರಿನವರ ಬಾಯಿಗೂ ಬೀಳುವ ಕೆಲಸ.

1919ರಲ್ಲಿ ರೌಲತ್ ಕಾಯ್ದೆಯ ವಿರುದ್ಧ ಗಾಂಧೀಜಿ ಸತ್ಯಾಗ್ರಹದ ಪ್ರತಿಜ್ಞೆಗೆ ಕರೆ ಕೊಟ್ಟಾಗ ಕರ್ನಾಟಕದಿಂದ ಮೊದಲು ಮುಂದೆ ಬಂದವರು ಸದಾಶಿವ ರಾಯರೇ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಮರುವರ್ಷ, 1920ರ ಆಗಸ್ಟ್ ತಿಂಗಳಲ್ಲಿ, ಗಾಂಧೀಜಿ ಮಂಗಳೂರಿಗೇ ಬಂದರು. ಅಲ್ಲಿಂದ ಮುಂದೆ ರಾಯರಿಗೆ ವಕೀಲಿ ಬೇಡವಾಯಿತು, ಕಾಂಗ್ರೆಸ್ ಕೆಲಸವೇ ಮನೆಕೆಲಸವಾಯಿತು. ರಾಷ್ಟ್ರೀಯ ಶಿಕ್ಷಣಕ್ಕಾಗಿ ತಿಲಕ ವಿದ್ಯಾಲಯವನ್ನು ನಡೆಸಿದರು. ಖರ್ಚಿಗೆ ಸರಕಾರದ ದುಡ್ಡು ಬರುವ ಹಾಗಿಲ್ಲ. ಚಂದಾ ಸಾಲದೆ ಹೋದಾಗ ಸ್ವಂತ ಗಂಟು ಬಿಚ್ಚಬೇಕು, ಅವರು ಬಿಚ್ಚಿದರು.

ಆಗ ನಮ್ಮ ಜಿಲ್ಲೆ ಎಲ್ಲಿತ್ತು ನೋಡಿ. ಕನ್ನಡ ನಾಡು ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಕಾರವಾರ ಮುಂಬಯಿ ಪ್ರಾಂತಕ್ಕೆ, ನಾವು, ಬಳ್ಳಾರಿಯವರು ಮದ್ರಾಸಿಗೆ, ಮೈಸೂರು ಮಹಾರಾಜರಿಗೆ. 1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಮಹಾ ಅಧಿವೇಶನದಲ್ಲಿ ಭಾಷೆಗೊಂದು ಪ್ರಾಂತ ಸಮಿತಿ ಎಂದು ತೀರ್ಮಾನವಾಯಿತು. ಕನ್ನಡಿಗರು ಸುಮಾರು 800 ಪ್ರತಿನಿಧಿಗಳು ಅಲ್ಲಿಗೆ ಹೋಗಿದ್ದರು. ಸರಕಾರದ ನಕಾಶೆಯಲ್ಲಿ ಕರ್ನಾಟಕ ಒಂದಾಗಿದ್ದು 1956ರಲ್ಲಿ. ಕಾಂಗ್ರೆಸ್ಸಿನ ನಕಾಶೆಯಲ್ಲಿ ಅದಕ್ಕಿಂತ 36 ವರ್ಷ ಮೊದಲೇ ಒಂದಾಯಿತು. ಈ ಹೊಸ ಪ್ರಾಂತದಲ್ಲಿ ದಕ್ಷಿಣ ಕನ್ನಡದ ಕಡೆಯಿಂದ ಎದ್ದು ಕಂಡ ಹೆಸರು ಸದಾಶಿವ ರಾಯರದ್ದು.

ಈಗಿನವರಿಗೆ ಅಧಿವೇಶನ ಎಂದರೆ ಬಸ್ಸಿನಲ್ಲಿ ಹೋಗುವುದು, ಊಟದ ಪ್ಯಾಕೆಟ್, ಸಂಜೆಗೆ ವಾಪಸು. ಆಗ ಹಾಗಲ್ಲ. ನಮ್ಮ ಸಂಘದಲ್ಲಿ ಹೇಗೆ ಸದಸ್ಯರು ನಿರ್ದೇಶಕರನ್ನು ಆರಿಸಿ, ಸಂಘವು ಜಿಲ್ಲಾ ಬ್ಯಾಂಕಿನ ಮಹಾಸಭೆಗೆ ಪ್ರತಿನಿಧಿಯನ್ನು ಕಳಿಸುತ್ತದೋ, ಕಾಂಗ್ರೆಸ್ಸಿನಲ್ಲೂ ಹಾಗೆಯೇ ಊರಿನ ಸದಸ್ಯರಿಂದ ಮೇಲಕ್ಕೆ ಮೆಟ್ಟಿಲುಗಳಿದ್ದವು. ಠರಾವುಗಳನ್ನು ಮೊದಲು ವಿಷಯ ನಿಯಾಮಕ ಸಮಿತಿಯಲ್ಲಿ ಇಟ್ಟು ಚರ್ಚೆ ಮಾಡಿ, ಆಮೇಲೆ ಬಹಿರಂಗ ಅಧಿವೇಶನದಲ್ಲಿ ಮತಕ್ಕೆ ಹಾಕುತ್ತಿದ್ದರು. ಊರಿನ ಕಷ್ಟ ದೇಶದ ಕಿವಿಗೆ ಬೀಳಬೇಕಾದರೆ ಪ್ರತಿನಿಧಿ ಅಲ್ಲಿಗೆ ಹೋಗಿ ಕೂರಲೇಬೇಕು. ಹೋಗುವುದಾದರೂ ಸುಲಭವೇ? ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ, ಅದೂ ಮದ್ರಾಸಿನ ಕಡೆಯಿಂದ. ಮುಂಬಯಿಗೆ ಕರಾವಳಿಯಲ್ಲೇ ಹೋಗುವ ಕೊಂಕಣ ರೈಲು ಪೂರ್ತಿಯಾಗಿದ್ದು 1998ರಲ್ಲಿ. ಹಡಗಿನಲ್ಲಿ ಹೋಗಬೇಕು, ಇಲ್ಲವೇ ಘಟ್ಟ ಹತ್ತಿ ಸುತ್ತು ಹಾಕಬೇಕು. ಈಗಿನ ಹಾಗೆ ಪ್ರಯಾಣ ಭತ್ಯೆಯ ಬಿಲ್ಲು ಬರೆದು ಕೊಡುವ ಕ್ರಮ ಇರಲಿಲ್ಲ.

1930ರಲ್ಲಿ ಉಪ್ಪಿನ ಸತ್ಯಾಗ್ರಹ ಬಂತು. ರಾಯರು ಚಳುವಳಿಗೆ ಇಳಿದರು, ಜೈಲು ಕಂಡರು. ಹೊರಗೆ ಬರುವಾಗ ಶರೀರ ಇಳಿದಿತ್ತು, ಆಸ್ತಿ ಕರಗಿತ್ತು. ಕೊಡುವ ಕೈ ಮಾತ್ರ ಹಿಂದೆ ಸರಿಯಲಿಲ್ಲ. ಕೊಟ್ಟು ಕೊಟ್ಟು ಕಡೆಗೆ ತಾವೇ ಬಡತನಕ್ಕೆ ಇಳಿದರು.

ಹೀಗಿರುವಾಗ 1936ರ ಡಿಸೆಂಬರ್ ಬಂತು. ಕಾಂಗ್ರೆಸ್ ಅಧಿವೇಶನಗಳು ಅಲ್ಲಿಯ ತನಕ ದೊಡ್ಡ ಪಟ್ಟಣಗಳಲ್ಲೇ ನಡೆಯುತ್ತಿದ್ದವು. ದೇಶದ ಜನ ಇರುವುದು ಹಳ್ಳಿಯಲ್ಲಿ, ಹಾಗಾಗಿ ಸಭೆಯೂ ಹಳ್ಳಿಗೆ ಹೋಗಲಿ ಎಂಬುದು ಗಾಂಧೀಜಿಯ ಹಟ. ಆ ಪ್ರಕಾರ ಮೊದಲ ಬಾರಿಗೆ ಒಂದು ಹಳ್ಳಿಯಲ್ಲಿ, ಈಗಿನ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಫೈಜ್‌ಪುರದಲ್ಲಿ, ಅಧಿವೇಶನ ಸೇರಿತು. ಶಾಂತಿನಿಕೇತನದ ಚಿತ್ರಕಾರ ನಂದಲಾಲ ಬೋಸರು ಅಲ್ಲೇ ಸಿಗುವ ಬಿದಿರು, ಚಾಪೆಗಳಿಂದ ಊರಿಗೆ ಊರನ್ನೇ ಕಟ್ಟಿಸಿದರು. ಅದಕ್ಕೆ ತಿಲಕ ನಗರ ಎಂದು ಹೆಸರು. ಗಾಂಧೀಜಿ ಖಾದಿ ಮತ್ತು ಗ್ರಾಮೋದ್ಯೋಗದ ಪ್ರದರ್ಶನವನ್ನು ತೆರೆದರು. ಡಿಸೆಂಬರ್ 27 ಮತ್ತು 28ರಂದು ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸಭೆ ನಡೆಯಿತು. ಸುತ್ತಲಿನ ಹಳ್ಳಿಗಳ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಬಂದರು.

ಸದಾಶಿವ ರಾಯರಿಗೆ ಆಗ 55 ದಾಟಿತ್ತು. ಶರೀರದಲ್ಲಿ ಕಸುವಿಲ್ಲ, ಕೈಯಲ್ಲಿ ಕಾಸಿಲ್ಲ. ಈ ಸಲ ನನ್ನಿಂದ ಆಗುವುದಿಲ್ಲ ಎಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ಹೋದರು. ಅಲ್ಲಿ ಚಳಿಗೆ ತಡೆಯಿಲ್ಲದ ಗುಡಿಸಲಿನಲ್ಲಿ ಉಳಿದರು. ಕರಾವಳಿಯ ಬೆಚ್ಚಗಿನ ಹವೆಗೆ ಒಗ್ಗಿದ ದೇಹಕ್ಕೆ ಉತ್ತರದ ಡಿಸೆಂಬರ್ ಚಳಿ ಹಿಡಿಸಲಿಲ್ಲ, ಜ್ವರ ಹಿಡಿಯಿತು. ಜ್ವರದಲ್ಲೇ ಮುಂಬಯಿ ತಲಪಿದರು. ಅಲ್ಲಿಂದ ಮುಂದೆ ಬರಲಾಗಲಿಲ್ಲ. 1937ರ ಜನವರಿ 9ರಂದು ಮುಂಬಯಿಯಲ್ಲೇ ತೀರಿಕೊಂಡರು. ಊರಿನ ಪ್ರತಿನಿಧಿಯಾಗಿ ಹೋದವರು ಊರಿಗೆ ಬರಲೇ ಇಲ್ಲ.

ಹಾಗಾದರೆ ಅಷ್ಟು ಕಷ್ಟಪಟ್ಟು ಹೋಗಿ ಎಂತ ಸಿಕ್ಕಿತು ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಫೈಜ್‌ಪುರದ ಅಧಿವೇಶನ ಒಪ್ಪಿದ ಠರಾವುಗಳಲ್ಲಿ ಒಂದು ಕೃಷಿ ಕಾರ್ಯಕ್ರಮ. ಗೇಣಿ, ಕಂದಾಯ ಇಳಿಯಬೇಕು, ರೈತರ ಸಾಲದ ಹೊರೆ ತಗ್ಗಬೇಕು, ಒಕ್ಕಲಿಗೆ ಭೂಮಿಯ ಮೇಲೆ ಭದ್ರತೆ ಬೇಕು, ಸಹಕಾರಿ ಬೇಸಾಯಕ್ಕೆ ಪ್ರಯತ್ನ ಆಗಬೇಕು ಎಂಬುದು ಅದರಲ್ಲಿತ್ತು. ನಮ್ಮ ಕಡೆಯ ಚಾಲಗೇಣಿ ಒಕ್ಕಲುಗಳ ಪಾಡು ಬಲ್ಲವರಿಗೆ ಈ ಮಾತುಗಳ ತೂಕ ಗೊತ್ತು. ಗೇಣಿ ಅಕ್ಕಿ ಅಳೆದು ಕೊಟ್ಟು ಮಳೆಗಾಲದಲ್ಲಿ ಸಾಲದ ಅಕ್ಕಿಗೆ ಧಣಿಗಳ ಅಂಗಳದಲ್ಲಿ ನಿಂತವರು ನಮ್ಮ ಅಜ್ಜಂದಿರೇ ಅಲ್ಲವೇ?

ರಾಯರು ತೀರಿಕೊಂಡ ಮುಂದಿನ ತಿಂಗಳು ಚುನಾವಣೆ ನಡೆಯಿತು. ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ 159 ಕಾಂಗ್ರೆಸ್ಸಿಗೆ ಬಂದವು. ರಾಜಾಜಿಯವರ ಸರಕಾರ 1938ರಲ್ಲಿ ಕೃಷಿಕರ ಸಾಲ ಪರಿಹಾರ ಕಾಯ್ದೆಯನ್ನು ತಂದಿತು. 1932ರ ಅಕ್ಟೋಬರಿಗಿಂತ ಹಿಂದಿನ ಸಾಲಗಳಿಗೆ 1937ರ ಅಕ್ಟೋಬರ್ 1ರ ತನಕ ಬಾಕಿ ಬಿದ್ದ ಬಡ್ಡಿ ಆ ಕಾಯ್ದೆಯಿಂದ ಮನ್ನಾ ಆಯಿತು. ಒಕ್ಕಲಿಗೆ ಭೂಮಿಯ ಹಕ್ಕು ಬರಲು ಮಾತ್ರ 1974ರ ಭೂಸುಧಾರಣೆಯ ತನಕ ಕಾಯಬೇಕಾಯಿತು. ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಮನೆಗಳು ನಮ್ಮ ಸದಸ್ಯರಲ್ಲೇ ಎಷ್ಟೋ ಇವೆ. ಇದೆಲ್ಲ ಒಬ್ಬ ಸದಾಶಿವ ರಾಯರಿಂದ ಆಯಿತೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಅಂಥ ಸಾವಿರಾರು ಮಂದಿ ತಮ್ಮ ತಮ್ಮ ಜಿಲ್ಲೆಗಳಿಂದ ಹೋಗಿ ಚಳಿಯಲ್ಲಿ ಕೂತು ಕೈ ಎತ್ತದೆ ಹೋಗಿದ್ದರೆ ಯಾವ ಠರಾವೂ ಆಗುತ್ತಿರಲಿಲ್ಲ ಎಂಬುದಂತೂ ನಿಜ.

ನಮ್ಮ ಜಿಲ್ಲೆಯ ಸಹಕಾರಿ ಪಿತಾಮಹ ಮೊಳಹಳ್ಳಿ ಶಿವ ರಾಯರು ಹುಟ್ಟಿದ್ದು 1880ರಲ್ಲಿ, ಸದಾಶಿವ ರಾಯರಿಗಿಂತ ಒಂದು ವರ್ಷ ಮೊದಲು. ಇಬ್ಬರೂ ವಕೀಲರು. ಒಬ್ಬರು 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲಾ ಕೇಂದ್ರ ಬ್ಯಾಂಕನ್ನು ಕಟ್ಟಿ ರೈತನಿಗೆ ಸಾಲದ ದಾರಿ ಮಾಡಿದರು. ಇನ್ನೊಬ್ಬರು ದೇಶದ ಸಭೆಯಲ್ಲಿ ನಮ್ಮ ಜಿಲ್ಲೆಗೊಂದು ಜಾಗ ಮಾಡಿದರು. ನಮ್ಮ ಸಂಘ ನಿಂತಿರುವುದು ಇಂಥವರ ದುಡಿಮೆಯ ಮೇಲೆ.

ಸಂಘದ ಪ್ರತಿನಿಧಿಯಾಗಿ ಮೇಲಿನ ಸಭೆಗಳಿಗೆ ಹೋಗುವವರು ಹಾಜರಿ ಹಾಕಿ ಊಟ ಮುಗಿಸಿ ಬಂದರೆ ಸಾಲದು. ನಮ್ಮ ಸದಸ್ಯರ ಮಾತನ್ನು ಅಲ್ಲಿ ಆಡಿ ಬರಬೇಕು. ಅಲ್ಲಿ ಆದ ತೀರ್ಮಾನವನ್ನು ಬಂದು ಸದಸ್ಯರಿಗೆ ತಿಳಿಸಬೇಕು. ಸದಾಶಿವ ರಾಯರಿಗೆ ಬಂದು ತಿಳಿಸುವ ಭಾಗ್ಯ ಇರಲಿಲ್ಲ. ನಮಗೆ ಉಂಟು. ಮುಂದಿನ ಸಲ ಕೆ.ಎಸ್. ರಾವ್ ರಸ್ತೆಯಲ್ಲಿ ನಡೆಯುವಾಗ ಜತೆಗಿರುವ ಮಕ್ಕಳಿಗೆ ಈ ಹೆಸರು ಯಾರದ್ದೆಂದು ಹೇಳೋಣ. ಆ ಹಿರಿಯ ಚೇತನಕ್ಕೆ ನಮ್ಮ ಸಂಘದ ಬೆಳ್ಳಿಹಬ್ಬದ ನಮನಗಳು.