ಚರ್ಚ್ ಇರಬೇಕಾದ ಜಾಗದಲ್ಲಿ ಲೈಬ್ರರಿ ಕಟ್ಟಿದವನು

ಆಯುಧಪೂಜೆ ಬಂತು ಅಂದ್ರೆ ನಮ್ಮ ವರ್ಕ್‌ಶಾಪಿನ ಗುರುತೇ ಸಿಗೋದಿಲ್ಲ. ಲೇತ್ ಮಷಿನ್ನಿಗೆ ಅರಿಶಿನ ಕುಂಕುಮ, ಡ್ರಿಲ್ಲಿಂಗ್ ಮಷಿನ್ನಿಗೆ ಚೆಂಡುಹೂವಿನ ಹಾರ, ಬಾಗಿಲಿಗೆ ಬಾಳೆಕಂದು, ಕೊನೆಗೆ ಬೂದುಗುಂಬಳಕಾಯಿ ಒಡೆದು ಎಲ್ಲರ ಕೈಗೂ ಒಂದಷ್ಟು ಕಡ್ಲೆಪುರಿ. ಈ ಸಲ ಆ ಕಡ್ಲೆಪುರಿ ತಿನ್ನುತ್ತಾ ಕ್ಯಾಂಟೀನ್ ಕಟ್ಟೆ ಮೇಲೆ ಕೂತಾಗ ನಮ್ಮಲ್ಲೊಂದು ವಾದ ಎದ್ದಿತು. ಎಲ್ಲರ ತೆರಿಗೆ ದುಡ್ಡಲ್ಲಿ ಕಟ್ಟಿದ ಕಟ್ಟಡದ ಗೋಡೆ ಮೇಲೆ ಒಂದು ಧರ್ಮದ ಪಟ ಹಾಕಬಹುದಾ? ಹಾಕಿದ್ರೆ ಬೇರೆಯವರದ್ದೂ ಹಾಕಬೇಕಾ? ಯಾವುದೂ ಬೇಡ ಅಂದ್ರೆ ಅದು ದೇವರಿಗೆ ಮಾಡಿದ ಅವಮಾನವಾ? ಬೆಲ್ ಹೊಡೀತು, ವಾದ ನಿಂತಿತು, ಆದರೆ ಮುಗಿಯಲಿಲ್ಲ.

ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಬ್ಬ ಮುದುಕ ಎದುರಿಸಿದ್ದ. ಅದೂ ಒಂದು ಕಾಲೇಜು ಕ್ಯಾಂಪಸ್ ಕಟ್ಟುತ್ತಾ. ಅವನ ಹೆಸರು ಥಾಮಸ್ ಜೆಫರ್ಸನ್. ಅಮೆರಿಕದ ಮೂರನೇ ಅಧ್ಯಕ್ಷ ಅಂತ ನಾವೆಲ್ಲ ಓದಿರ್ತೀವಿ. ಆದರೆ ಅವನ ಬದುಕನ್ನು ಈ ಒಂದು ಪ್ರಶ್ನೆಯ ಬಾಗಿಲಿಂದ ನೋಡಿದರೆ ಬೇರೆಯೇ ಮನುಷ್ಯ ಕಾಣುತ್ತಾನೆ.

ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13ರಂದು, ಆಗ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ. ಅಪ್ಪ ಪೀಟರ್ ಸರ್ವೇಯರ್, ವರ್ಜೀನಿಯಾದ ಪ್ರಸಿದ್ಧ ನಕ್ಷೆಯೊಂದನ್ನು ತಯಾರಿಸಿದ ಇಬ್ಬರಲ್ಲಿ ಒಬ್ಬ. ಹುಡುಗನಿಗೆ 14 ವರ್ಷವಿದ್ದಾಗ ಅಪ್ಪ ತೀರಿಹೋದ. ಕಾಲೇಜಿನಲ್ಲಿ ಗಣಿತ, ವಿಜ್ಞಾನದ ಹುಚ್ಚು ಹಿಡಿಯಿತು, ಹೊಟ್ಟೆಪಾಡಿಗೆ ವಕೀಲಿಕೆ ಕಲಿತ. ಆದರೆ ತಲೆಯೊಳಗಿದ್ದ ಎಂಜಿನಿಯರ್ ಸುಮ್ಮನಿರಲಿಲ್ಲ. ನೇಗಿಲು ಮಣ್ಣನ್ನು ಕಡಿಮೆ ಶ್ರಮದಲ್ಲಿ ಮಗುಚುವಂತೆ ಅದರ ಹಲಗೆಯ ವಕ್ರತೆಯನ್ನು ಲೆಕ್ಕ ಹಾಕಿ ತಿದ್ದಿದ. ಗುಪ್ತಲಿಪಿಗೆ ಚಕ್ರಗಳ ಸಾಧನವೊಂದನ್ನು ರೂಪಿಸಿದ. ಮಾಂಟಿಚೆಲ್ಲೊ ಎಂಬ ತನ್ನ ಮನೆಯನ್ನು ತಾನೇ ವಿನ್ಯಾಸ ಮಾಡಿದ. ಆ ಮನೆಯ ದೊಡ್ಡ ಗಡಿಯಾರದ ತೂಕದ ಗುಂಡುಗಳು ಕೆಳಗಿಳಿಯುತ್ತಾ ಗೋಡೆ ಮೇಲಿನ ವಾರಗಳ ಹೆಸರನ್ನು ತೋರಿಸುತ್ತಿದ್ದವು. ಗೋಡೆಯ ಎತ್ತರ ಸಾಲದೆ ನೆಲಕ್ಕೆ ತೂತು ಕೊರೆಯಬೇಕಾಯಿತು. ಹಾಗಾಗಿ ಆ ಮನೆಯಲ್ಲಿ ಶನಿವಾರ ಇರುವುದು ನೆಲಮಾಳಿಗೆಯಲ್ಲಿ! ಡಿಸೈನ್ ತಪ್ಪಿದಾಗ ಸೈಟಿನಲ್ಲೇ ಹೊಂದಿಸಿಕೊಳ್ಳುವ ಈ ಬುದ್ಧಿ ನಮಗೂ ಪರಿಚಯದ್ದೇ.

ಅವನು ಬೆಳೆದ ವರ್ಜೀನಿಯಾದಲ್ಲಿ ಚರ್ಚ್ ಮತ್ತು ಸರ್ಕಾರ ಒಂದೇ ಎತ್ತಿನಗಾಡಿಯ ಎರಡು ಗಾಲಿಗಳಂತಿದ್ದವು. ಆಂಗ್ಲಿಕನ್ ಚರ್ಚ್ ಕಾನೂನಿನ ಪ್ರಕಾರ ಅಧಿಕೃತ ಧರ್ಮ. ನೀವು ನಂಬಿ, ಬಿಡಿ, ಅದರ ಪಾದ್ರಿಯ ಸಂಬಳಕ್ಕೆ ತೆರಿಗೆ ಕಟ್ಟಲೇಬೇಕು. ಆ ಸಂಬಳವೂ ನಗದಲ್ಲ, ತಂಬಾಕಿನ ಲೆಕ್ಕ. ವರ್ಷಕ್ಕೆ ಒಬ್ಬ ಪಾದ್ರಿಗೆ 16,000 ಪೌಂಡ್ ತಂಬಾಕು. ಬ್ಯಾಪ್ಟಿಸ್ಟ್ ಪಂಗಡದ ಬೋಧಕರು ಪರವಾನಗಿ ಇಲ್ಲದೆ ಉಪದೇಶ ಮಾಡಿದರು ಅಂತ ಜೈಲಿಗೆ ಹಾಕುತ್ತಿದ್ದರು. ಕೆಲವರು ಜೈಲಿನ ಕಿಟಕಿಯಿಂದಲೇ ಹೊರಗೆ ನಿಂತ ಜನರಿಗೆ ಉಪದೇಶ ಮಾಡಿದ್ದುಂಟು. ಗಮನಿಸಿ, ಜೈಲಿಗೆ ಹಾಕಿಸಿದವರೂ ಕ್ರೈಸ್ತರೇ, ಜೈಲಿಗೆ ಹೋದವರೂ ಕ್ರೈಸ್ತರೇ.

1776ರಲ್ಲಿ, 33ನೇ ವಯಸ್ಸಿನಲ್ಲಿ, ಜೆಫರ್ಸನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ. ಅದು ಎಲ್ಲರಿಗೂ ಗೊತ್ತು. ಮರುವರ್ಷ ಅವನು ಇನ್ನೊಂದು ಕರಡು ಬರೆದ, ಅದು ಅಷ್ಟಾಗಿ ಗೊತ್ತಿಲ್ಲ: ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಮಸೂದೆ. ಯಾರನ್ನೂ ಯಾವುದೇ ಪೂಜಾಸ್ಥಳಕ್ಕೆ ಬಲವಂತವಾಗಿ ಕರೆದೊಯ್ಯಬಾರದು, ಅದಕ್ಕೆ ದುಡ್ಡು ಕೊಡಿಸಬಾರದು, ನಂಬಿಕೆಯ ಕಾರಣಕ್ಕೆ ಯಾರ ಹಕ್ಕೂ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು ಎಂಬುದು ಅದರ ತಿರುಳು. 1779ರಲ್ಲಿ ಮಸೂದೆ ಶಾಸನಸಭೆಗೆ ಬಂತು. ಬಂದು ಅಲ್ಲೇ ಧೂಳು ತಿಂದಿತು.

1784ರಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ದೊಡ್ಡ ನಾಯಕ ಒಂದು ಮಧ್ಯದ ದಾರಿ ಹುಡುಕಿದ. ಒಂದೇ ಚರ್ಚಿಗೆ ತೆರಿಗೆ ಬೇಡ, ಎಲ್ಲರೂ ತೆರಿಗೆ ಕಟ್ಟಲಿ, ಯಾವ ಕ್ರೈಸ್ತ ಪಂಗಡದ ಬೋಧಕರಿಗೆ ಹೋಗಬೇಕು ಅನ್ನೋದನ್ನು ಅವರವರೇ ಆರಿಸಿಕೊಳ್ಳಲಿ ಅಂದ. ಕೇಳೋಕೆ ಎಷ್ಟು ಚೆಂದ, ಅಲ್ವಾ? ಎಲ್ಲರ ಪಟವನ್ನೂ ಹಾಕೋಣ, ಯಾರಿಗೂ ಬೇಜಾರಾಗಲ್ಲ ಎಂಬ ನಮ್ಮ ಕ್ಯಾಂಟೀನ್ ಪರಿಹಾರದ ಹಾಗೇ. ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿದ್ದ. ಅವನ ಗೆಳೆಯ ಜೇಮ್ಸ್ ಮ್ಯಾಡಿಸನ್ ಇದರ ವಿರುದ್ಧ ಮನವಿ ಬರೆದು ಊರೂರಿಂದ ಸಹಿ ಸೇರಿಸಿದ. ಸಹಿ ಹಾಕಿದವರಲ್ಲಿ ನಾಸ್ತಿಕರಿಗಿಂತ ಕಡುಭಕ್ತರೇ ಹೆಚ್ಚು. ಜೈಲು ನೋಡಿ ಬಂದಿದ್ದ ಬ್ಯಾಪ್ಟಿಸ್ಟರು ಮುಂದಿನ ಸಾಲಿನಲ್ಲಿದ್ದರು. ಸರ್ಕಾರ ಇಂದು ನಮ್ಮ ದೇವರಿಗೆ ದುಡ್ಡು ಕೊಟ್ಟರೆ ನಾಳೆ ನಮ್ಮ ದೇವರ ಮೇಲೆ ಯಜಮಾನಿಕೆ ಮಾಡುತ್ತದೆ ಎಂಬುದು ಅವರ ಭಯ. ಹೆನ್ರಿಯ ಮಸೂದೆ ಬಿದ್ದುಹೋಯಿತು. 1786ರ ಜನವರಿ 16ರಂದು ಜೆಫರ್ಸನ್ನನ ಮಸೂದೆ ಕಾನೂನಾಯಿತು.

ಚರ್ಚೆ ನಡೆದಾಗ ಪೀಠಿಕೆಯಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸಬೇಕು ಅಂತ ಕೆಲವರು ಹಟ ಹಿಡಿದರು. ಬಹುಮತದಿಂದ ಅದನ್ನು ತಳ್ಳಿಹಾಕಲಾಯಿತು. 77ನೇ ವಯಸ್ಸಿನಲ್ಲಿ ಆತ್ಮಕಥೆ ಬರೆಯುವಾಗ ಜೆಫರ್ಸನ್ ಈ ಘಟನೆಯನ್ನು ಹೆಮ್ಮೆಯಿಂದ ನೆನೆಯುತ್ತಾನೆ. ಈ ಕಾನೂನಿನ ರಕ್ಷಣೆ ಯಹೂದಿಗೆ, ಕ್ರೈಸ್ತನಿಗೆ, ಮುಸಲ್ಮಾನನಿಗೆ, ಹಿಂದೂವಿಗೆ, ಏನನ್ನೂ ನಂಬದವನಿಗೆ ಕೂಡ ಸಿಗಲಿ ಎಂಬುದೇ ಆ ಮತದ ಅರ್ಥ ಎಂದು ಅಲ್ಲಿ ಬರೆದಿದ್ದಾನೆ. ತಾನು ಕಾಣದ ದೂರದ ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರೆದ ಆ ಸಾಲು ಓದಿದಾಗ ನಮಗೆ ಸ್ವಲ್ಪ ರೋಮಾಂಚನವಾಯಿತು ಅನ್ನೋದನ್ನು ಮುಚ್ಚಿಡಲ್ಲ.

1800ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿರೋಧಿಗಳು ಅವನನ್ನು ನಾಸ್ತಿಕ ಅಂತ ಜರಿದರು. ಆದರೂ ಗೆದ್ದ. 1802ರ ಹೊಸವರ್ಷದ ದಿನ ಎರಡು ಸಂಗತಿ ನಡೆದವು. ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನ ಬ್ಯಾಪ್ಟಿಸ್ಟ್ ರೈತರು 1,235 ಪೌಂಡ್ ತೂಕದ ಒಂದೇ ಒಂದು ಚೀಸ್ ಗಡ್ಡೆಯನ್ನು ಅಧ್ಯಕ್ಷರಿಗೆ ಉಡುಗೊರೆ ಕೊಟ್ಟರು. ಅದನ್ನು ಅಷ್ಟು ದೂರದಿಂದ ಸಾಗಿಸಿ ತಂದವನು ಜಾನ್ ಲೀಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಬೋಧಕ. ಅದೇ ದಿನ ಜೆಫರ್ಸನ್, ಕನೆಕ್ಟಿಕಟ್‌ನ ಡ್ಯಾನ್‌ಬರಿ ಎಂಬಲ್ಲಿನ ಬ್ಯಾಪ್ಟಿಸ್ಟರ ಸಂಘಕ್ಕೆ ಒಂದು ಪತ್ರ ಕಳಿಸಿದ. ಅವರ ರಾಜ್ಯದಲ್ಲಿ ಇನ್ನೂ ಬೇರೊಂದು ಪಂಗಡವೇ ಅಧಿಕೃತ ಧರ್ಮವಾಗಿತ್ತು. ಆ ಪತ್ರದಲ್ಲೇ ಚರ್ಚ್ ಮತ್ತು ಸರ್ಕಾರದ ನಡುವೆ ಒಂದು ಗೋಡೆ ಎಂಬ ಹೋಲಿಕೆ ಬರುವುದು. ಅವನಿಗಿಂತ ಮುಂಚಿನ ಇಬ್ಬರು ಅಧ್ಯಕ್ಷರು ದೇಶಕ್ಕೆಲ್ಲ ಪ್ರಾರ್ಥನೆಯ ದಿನಗಳನ್ನು ಘೋಷಿಸಿದ್ದರು. ಇವನು ಎಂಟು ವರ್ಷದಲ್ಲಿ ಒಮ್ಮೆಯೂ ಘೋಷಿಸಲಿಲ್ಲ.

ಆದರೆ ಕಥೆ ಅಷ್ಟು ನೇರ ಇಲ್ಲ. ಪತ್ರ ಬರೆದ ಎರಡೇ ದಿನಕ್ಕೆ, ಅಂದ್ರೆ ಜನವರಿ 3ರ ಭಾನುವಾರ, ಜೆಫರ್ಸನ್ ಪ್ರಾರ್ಥನೆಗೆ ಹೋದ. ಎಲ್ಲಿಗೆ? ಅಮೆರಿಕದ ಸಂಸತ್ತಿನ ಜನಪ್ರತಿನಿಧಿ ಸಭೆಯ ಸಭಾಂಗಣಕ್ಕೆ! ಆ ಕಾಲದಲ್ಲಿ ಭಾನುವಾರ ಅಲ್ಲಿ ಬೇರೆ ಬೇರೆ ಪಂಗಡದವರು ಉಪದೇಶ ಮಾಡುತ್ತಿದ್ದರು. ಅವತ್ತಿನ ಬೋಧಕ ಅದೇ ಚೀಸ್ ತಂದ ಲೀಲ್ಯಾಂಡ್. ಗೋಡೆ ಕಟ್ಟಿದವನೇ ಗೋಡೆ ಹಾರಿದನಾ? ಬರುವುದು ಬಿಡುವುದು ಅವರವರ ಇಷ್ಟ, ಸರದಿ ಎಲ್ಲ ಪಂಗಡಕ್ಕೂ ಸಿಗುತ್ತಿತ್ತು ಅಂತ ಅವನ ಪರವಾಗಿ ವಾದಿಸಬಹುದು. ಕಟ್ಟಡ ಮಾತ್ರ ಸರ್ಕಾರದ್ದೇ ಅನ್ನೋದೂ ನಿಜ. ಇಂದಿಗೂ ಅಮೆರಿಕದಲ್ಲಿ ಎರಡೂ ಕಡೆಯವರು ಜೆಫರ್ಸನ್ನನನ್ನೇ ಸಾಕ್ಷಿಗೆ ಕರೆಯುವುದು ಇದೇ ಕಾರಣಕ್ಕೆ.

ಅವನ ಸ್ವಂತ ನಂಬಿಕೆಯೂ ವಿಚಿತ್ರವಾಗಿತ್ತು. ಯೇಸುವಿನ ನೀತಿಬೋಧೆ ಅವನಿಗೆ ಬಹಳ ಪ್ರಿಯ, ಪವಾಡಗಳಲ್ಲಿ ನಂಬಿಕೆ ಇಲ್ಲ. ಮುಪ್ಪಿನಲ್ಲಿ ಬೈಬಲ್ಲಿನ ಪುಟಗಳನ್ನು ಹರಿತವಾದ ಅಲಗಿನಿಂದ ಕತ್ತರಿಸಿ, ನೀತಿಯ ಭಾಗವನ್ನಷ್ಟೇ ನಾಲ್ಕು ಭಾಷೆಗಳಲ್ಲಿ ಅಂಟಿಸಿ ಪುಸ್ತಕ ಮಾಡಿಕೊಂಡ. ಅದನ್ನು ಅಚ್ಚು ಹಾಕಿಸಲಿಲ್ಲ, ಯಾರ ಮೇಲೂ ಹೇರಲಿಲ್ಲ. ತನ್ನ ನಂಬಿಕೆ ತನ್ನ ಕೋಣೆಯೊಳಗೇ ಇರಲಿ ಅಂದುಕೊಂಡವನು.

ಈಗ ನಮ್ಮ ವಿಷಯಕ್ಕೆ, ಅಂದ್ರೆ ಕ್ಯಾಂಪಸ್ಸಿಗೆ ಬರೋಣ. ಅಧ್ಯಕ್ಷಗಿರಿ ಮುಗಿದ ಮೇಲೆ ಜೆಫರ್ಸನ್ ಶಾರ್ಲಟ್ಸ್‌ವಿಲ್‌ನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಲು ನಿಂತ. 1819ರಲ್ಲಿ ಸರ್ಕಾರದ ಮಂಜೂರಾತಿ ಸಿಕ್ಕಿತು. ಆಗಿನ ದೊಡ್ಡ ಕಾಲೇಜುಗಳಲ್ಲಿ ಅಧ್ಯಕ್ಷರಾಗುತ್ತಿದ್ದವರು ಸಾಮಾನ್ಯವಾಗಿ ಪಾದ್ರಿಗಳು, ಹುಡುಗರಿಗೆ ಪ್ರಾರ್ಥನೆಗೆ ಹಾಜರಾತಿ ಕಡ್ಡಾಯ. ನಮ್ಮ 75 ಪರ್ಸೆಂಟ್ ಅಟೆಂಡೆನ್ಸ್ ತರಹ. ಜೆಫರ್ಸನ್ ನಕ್ಷೆಯನ್ನೇ ಬದಲಿಸಿದ. ಹಸಿರು ಅಂಗಳದ ಎರಡು ಕಡೆ ಹತ್ತು ಪೆವಿಲಿಯನ್‌ಗಳು, ಕೆಳಗೆ ಪಾಠದ ಕೋಣೆ, ಮೇಲೆ ಮೇಷ್ಟ್ರ ಮನೆ. ಅವುಗಳ ನಡುವೆ ವಿದ್ಯಾರ್ಥಿಗಳ ಕೋಣೆಗಳ ಸಾಲು. ಅಂಗಳದ ತಲೆಭಾಗದಲ್ಲಿ, ಎಲ್ಲರ ಕಣ್ಣು ಹೋಗುವ ಜಾಗದಲ್ಲಿ, ರೋಟಂಡಾ ಎಂಬ ಗುಮ್ಮಟದ ಕಟ್ಟಡ. ರೋಮಿನ ಪ್ಯಾಂಥಿಯನ್ ಮಾದರಿ, ಅಳತೆಯಲ್ಲಿ ಸುಮಾರು ಅರ್ಧ, 77 ಅಡಿ ವ್ಯಾಸ, ಅಷ್ಟೇ ಎತ್ತರ. ಬೇರೆ ಯಾರಾದರೂ ಆ ಜಾಗದಲ್ಲಿ ಚರ್ಚ್ ಇಡುತ್ತಿದ್ದರು. ಇವನು ಗುಮ್ಮಟದ ಕೆಳಗೆ ಲೈಬ್ರರಿ ಇಟ್ಟ. ದೇವತಾಶಾಸ್ತ್ರಕ್ಕೆ ಪ್ರೊಫೆಸರ್ ಹುದ್ದೆಯನ್ನೇ ಇಡಲಿಲ್ಲ.

ಸುಮ್ಮನೆ ಬಿಡುತ್ತಾರಾ? ಮೊದಲು ನೇಮಿಸಿದ ಪ್ರೊಫೆಸರ್ ಥಾಮಸ್ ಕೂಪರ್‌ನ ಧಾರ್ಮಿಕ ಅಭಿಪ್ರಾಯಗಳ ಬಗ್ಗೆ ಪಾದ್ರಿಗಳು ಗಲಾಟೆ ಎಬ್ಬಿಸಿದರು. ಪಾಠ ಶುರುವಾಗುವ ಮೊದಲೇ, 1820ರಲ್ಲಿ, ಅವನು ಹುದ್ದೆ ಬಿಡಬೇಕಾಯಿತು. ಇದು ದೇವರಿಲ್ಲದ ಕಾಲೇಜು ಎಂಬ ಅಪಪ್ರಚಾರ ನಡೆಯಿತು. ಜೆಫರ್ಸನ್ ಒಂದು ಉತ್ತರ ಕೊಟ್ಟ: ಯಾವ ಪಂಗಡಕ್ಕೆ ಬೇಕೋ ಅವರು ಕ್ಯಾಂಪಸ್ಸಿನ ಅಂಚಿನಲ್ಲಿ ತಮ್ಮ ದುಡ್ಡಲ್ಲಿ ತಮ್ಮ ಧರ್ಮಶಾಲೆ ಕಟ್ಟಿಕೊಳ್ಳಲಿ, ನಮ್ಮ ವಿದ್ಯಾರ್ಥಿಗಳು ಇಷ್ಟವಿದ್ದರೆ ಅಲ್ಲಿಗೆ ಹೋಗಲಿ, ಅವರ ವಿದ್ಯಾರ್ಥಿಗಳು ನಮ್ಮ ಲೈಬ್ರರಿಗೆ ಬರಲಿ.

1825ರ ಮಾರ್ಚ್‌ನಲ್ಲಿ ತರಗತಿ ಶುರುವಾಯಿತು. ಮರುತಿಂಗಳೇ ನಿಜವಾದ ಪರೀಕ್ಷೆ ಬಂತು. ಕಟ್ಟಡಗಳ ಉಸ್ತುವಾರಿ ಹೊತ್ತಿದ್ದ ಆರ್ಥರ್ ಬ್ರಾಕನ್‌ಬರೊ ಒಂದು ಕೋರಿಕೆ ಕಳಿಸಿದ. ಒಂದನೇ ಪೆವಿಲಿಯನ್ನಿನ ಪಾಠದ ಕೋಣೆ ಭಾನುವಾರ ಖಾಲಿ ಇರುತ್ತದೆ, ಅದನ್ನು ಪ್ರಾರ್ಥನೆ, ಉಪದೇಶಕ್ಕೆ ಕೊಡಬಹುದಾ? ಯಾರಿಗೂ ತೊಂದರೆ ಇಲ್ಲ, ಖರ್ಚೂ ಇಲ್ಲ. ಜೆಫರ್ಸನ್ ಒಪ್ಪಲಿಲ್ಲ. ಅವನ ಕಾರಣ ದೇವರ ಬಗ್ಗೆ ಇರಲಿಲ್ಲ, ಮಾಲೀಕತ್ವದ ಬಗ್ಗೆ ಇತ್ತು. ಕಟ್ಟಡ ರಾಜ್ಯದ್ದು, ಅದನ್ನು ಕಟ್ಟಿದ್ದು ವಿದ್ಯೆಗೆ, ನೋಡಿಕೊಳ್ಳಲು ನೇಮಿಸಿದ ನಮಗೆ ಅದನ್ನು ಬೇರೆ ಕೆಲಸಕ್ಕೆ ಕೊಡುವ ಹಕ್ಕಿಲ್ಲ. ಫ್ರಾನ್ಸಿನ ವೀರ ಲಾಫಯೆಟ್ ಹಿಂದಿನ ವರ್ಷ ಬಂದಾಗ ಔತಣಕ್ಕೆ ರೋಟಂಡಾ ಕೇಳಿದರೂ ಮೊದಲು ಇಲ್ಲ ಅಂದಿದ್ದೆ, ಕಟ್ಟಡ ಇನ್ನೂ ಮುಗಿಯದೆ ಬಯಲಿನಂತಿತ್ತು ಅಂತಲೇ ಆಮೇಲೆ ಒಪ್ಪಿದೆ ಎಂದೂ ನೆನಪಿಸಿದ. ಅಂದ್ರೆ ಧರ್ಮಕ್ಕೆ ಒಂದು ನಿಯಮ, ಗೆಳೆಯನಿಗೆ ಇನ್ನೊಂದು ಅಂತ ಇರಲಿಲ್ಲ. 1818ರ ಯೋಜನಾ ವರದಿಯಲ್ಲಿ ರೋಟಂಡಾದ ಕೋಣೆಯೊಂದನ್ನು ಪೂಜೆಗೂ ಬಳಸುವ ಅವಕಾಶ ಅವನೇ ಬರೆದಿದ್ದ ಅನ್ನೋದನ್ನೂ ಹೇಳಬೇಕು. ಯೋಜನೆಯಲ್ಲಿ ಸಡಿಲ ಬಿಟ್ಟವನು, ಕೀಲಿಕೈ ಕೈಗೆ ಬಂದಾಗ ಬಿಗಿಯಾದ.

ಅದೇ ಅಕ್ಟೋಬರ್‌ನಲ್ಲಿ ಹುಡುಗರು ರಾತ್ರಿ ದಾಂಧಲೆ ಎಬ್ಬಿಸಿ ಮೇಷ್ಟ್ರ ಮೇಲೂ ಕೈ ಮಾಡಿದರು. 82ರ ಜೆಫರ್ಸನ್ ರೋಟಂಡಾದಲ್ಲಿ ಎಲ್ಲರನ್ನೂ ಸೇರಿಸಿ ಮಾತಾಡಲು ಎದ್ದು ನಿಂತ. ದುಃಖ ಒತ್ತಿ ಬಂದು ಮಾತು ಹೊರಡದೆ ಕೂತುಬಿಟ್ಟ. ತಪ್ಪಿತಸ್ಥರಲ್ಲಿ ಅವನ ಬಂಧು ಹುಡುಗನೇ ಒಬ್ಬ. ಅವನನ್ನೂ ಹೊರಹಾಕಲಾಯಿತು.

ಇನ್ನೊಂದು ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಮನಸ್ಸಿನ ಸ್ವಾತಂತ್ರ್ಯಕ್ಕೆ ಕಾನೂನು ಬರೆದ ಈ ಮನುಷ್ಯ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಆ ಚೆಂದದ ಕ್ಯಾಂಪಸ್ಸಿನ ಇಟ್ಟಿಗೆ ಸುಟ್ಟವರಲ್ಲಿ, ನೆಲ ಸಮ ಮಾಡಿದವರಲ್ಲಿ ಗುಲಾಮರಿದ್ದರು. ಅವನ ಗೋಡೆ ಅವರನ್ನು ಕಾಯಲಿಲ್ಲ. ಅವನು ಸತ್ತ ಮೇಲೆ ಸಾಲ ತೀರಿಸಲು 1827ರ ಜನವರಿಯಲ್ಲಿ ಮಾಂಟಿಚೆಲ್ಲೊದ ಗುಲಾಮರನ್ನು ಹರಾಜು ಹಾಕಲಾಯಿತು. ಬರೆದ ಕಾನೂನು ದೊಡ್ಡದು, ಬರೆದವನು ಅದಕ್ಕಿಂತ ಚಿಕ್ಕವನು.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನ್ ತೀರಿಕೊಂಡ. ಸಮಾಧಿಕಲ್ಲಿನ ಮೇಲೆ ಏನಿರಬೇಕು ಅಂತ ತಾನೇ ಬರೆದಿಟ್ಟಿದ್ದ: ಸ್ವಾತಂತ್ರ್ಯ ಘೋಷಣೆ, ಧಾರ್ಮಿಕ ಸ್ವಾತಂತ್ರ್ಯದ ಕಾನೂನು, ವಿಶ್ವವಿದ್ಯಾಲಯ. ಅಧ್ಯಕ್ಷನಾಗಿದ್ದ ಸಂಗತಿ ಅಲ್ಲಿಲ್ಲ. ರೆಸ್ಯೂಮೆಯಲ್ಲಿ ಎಲ್ಲವನ್ನೂ ತುರುಕುವ ನಮಗೆ ಇದೊಂದು ಪಾಠ.

1947ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಗೋಡೆಯ ಹೋಲಿಕೆಯನ್ನು ತನ್ನ ತೀರ್ಪಿನಲ್ಲಿ ಎತ್ತಿಕೊಂಡಿತು. ಆಮೇಲೆ ಜಗಳ ಕಟ್ಟಡಗಳ ಕಡೆ ಹೊರಳಿತು. 1989ರಲ್ಲಿ ಪಿಟ್ಸ್‌ಬರ್ಗ್‌ನ ನ್ಯಾಯಾಲಯ ಕಟ್ಟಡದ ಮುಖ್ಯ ಮೆಟ್ಟಿಲ ಮೇಲೆ ಯೇಸು ಜನನದ ಗೊಂಬೆಗಳನ್ನು ಇಡುವುದು ತಪ್ಪು ಎಂದು ತೀರ್ಪಾಯಿತು. ಇನ್ನೊಂದು ಸರ್ಕಾರಿ ಕಟ್ಟಡದ ಹೊರಗೆ ಕ್ರಿಸ್‌ಮಸ್ ಮರದ ಪಕ್ಕ ಯಹೂದಿಗಳ ದೀಪಸ್ತಂಭ ಇಟ್ಟಿದ್ದು ಸರಿ ಎಂದೂ ಅದೇ ತೀರ್ಪು ಹೇಳಿತು. 2005ರಲ್ಲಿ ಒಂದೇ ದಿನ ಎರಡು ತೀರ್ಪು: ಕೆಂಟಕಿಯ ನ್ಯಾಯಾಲಯಗಳ ಗೋಡೆ ಮೇಲೆ ಬೈಬಲ್ಲಿನ ಹತ್ತು ಆಜ್ಞೆಗಳು ಬೇಡ, ಟೆಕ್ಸಾಸ್ ಶಾಸನಸಭೆಯ ಆವರಣದಲ್ಲಿ ದಶಕಗಳಿಂದ ನಿಂತಿದ್ದ ಅದೇ ಆಜ್ಞೆಗಳ ಕಲ್ಲು ಇರಲಿ. ಎರಡೂ 5-4ರ ಅಂತರ. ಜೆಫರ್ಸನ್ನನ ಕ್ಯಾಂಪಸ್ಸಿನಲ್ಲೂ ಅವನು ಹೋಗಿ ಆರು ದಶಕವಾದ ಮೇಲೆ ರೋಟಂಡಾ ಪಕ್ಕದಲ್ಲೇ ಒಂದು ಪ್ರಾರ್ಥನಾ ಮಂದಿರ ಎದ್ದಿತು. ಗೋಡೆ ಎಲ್ಲಿ ಹಾದುಹೋಗಬೇಕು ಅನ್ನೋದು ಇನ್ನೂ ಸರ್ವೇ ನಡೆಯುತ್ತಿರುವ ಕೆಲಸ.

ನಮ್ಮ ಸಂವಿಧಾನ ಅಮೆರಿಕದ ನಕಲಲ್ಲ, ಇಲ್ಲಿನ ಸರ್ಕಾರ ಧರ್ಮದಿಂದ ಅಷ್ಟು ದೂರ ನಿಲ್ಲುವುದೂ ಇಲ್ಲ. ಆದರೂ ಒಂದು ಧರ್ಮದ ಪ್ರಚಾರಕ್ಕೆಂದೇ ಮೀಸಲಿಟ್ಟ ತೆರಿಗೆಯನ್ನು ಯಾರಿಂದಲೂ ಬಲವಂತವಾಗಿ ವಸೂಲಿ ಮಾಡುವಂತಿಲ್ಲ ಎನ್ನುವ 27ನೇ ವಿಧಿ, ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧರ್ಮಬೋಧೆ ಬೇಡ ಎನ್ನುವ 28ನೇ ವಿಧಿ ಓದಿದರೆ, ಆ ತಂಬಾಕಿನ ತೆರಿಗೆಯ ಜಗಳ ನೆನಪಾಗದೆ ಇರಲ್ಲ.

ಕ್ಯಾಂಟೀನ್ ಕಟ್ಟೆಯ ವಾದಕ್ಕೆ ಜೆಫರ್ಸನ್ ತೀರ್ಪು ಕೊಡುವುದಿಲ್ಲ. ಆದರೆ ಪ್ರಶ್ನೆ ಕೇಳುವ ಕ್ರಮ ಕಲಿಸುತ್ತಾನೆ. ದೇವರು ಇದ್ದಾನಾ, ಯಾರ ದೇವರು ದೊಡ್ಡವನು ಅಂತ ಶುರು ಮಾಡಿದರೆ ವಾದ ಮುಗಿಯಲ್ಲ. ಈ ಕಟ್ಟಡ ಯಾರದ್ದು, ಯಾತಕ್ಕೆ ಕಟ್ಟಿದ್ದು, ಬಾಗಿಲು ದಾಟುವ ಕೊನೆಯ ಬೆಂಚಿನ ಹುಡುಗಿಯೂ ಇದು ತನ್ನದೇ ಅಂದುಕೊಳ್ಳುತ್ತಾಳಾ ಅಂತ ಶುರು ಮಾಡಿದರೆ ಎಲ್ಲರಿಗೂ ಕೂತು ಮಾತಾಡಲು ಜಾಗ ಸಿಗುತ್ತದೆ. ಮುಂದಿನ ಆಯುಧಪೂಜೆಯ ಕಡ್ಲೆಪುರಿ ಹಂಚುವಾಗ ಅಲ್ಲಿಂದಲೇ ಮುಂದುವರಿಸೋಣ.