ಗಿರವಿ ಅಂಗಡಿಯ ಮೆಟ್ಟಿಲಿನಿಂದ ನೋಟಿನ ಮೇಲಕ್ಕೆ

ಗಿರವಿ ಅಂಗಡಿಗೆ ಗಡಿಯ ಹಂಗಿಲ್ಲ. ಹೊಸೂರು, ತಾಳವಾಡಿ ಕಡೆ ಅಡಗು ಅಂತಾರೆ, ಕಾಸರಗೋಡಿನಲ್ಲಿ ಪಣಯ ಅಂತಾರೆ. ಆದೋನಿ, ರಾಯದುರ್ಗದವರಿಗೆ ಅದು ತಾಕಟ್ಟು, ಸೊಲ್ಲಾಪುರ, ಜತ್ತದವರಿಗೆ ಗಹಾಣ. ನಮ್ಮ ಮನೆಮಾತಿನಲ್ಲಿ ಗಿರವಿ, ಒತ್ತೆ, ಅಡವು. ಹೆಸರು ಯಾವುದಾದರೂ ಇರಲಿ, ಸೆರಗಿನಡಿ ಗಂಟು ಮುಚ್ಚಿಕೊಂಡು, ಪರಿಚಯದವರು ಯಾರಾದರೂ ನೋಡಿಯಾರೆಂದು ಅತ್ತಿತ್ತ ನೋಡಿ ಒಳಗೆ ಹೋಗುವ ಹೆಣ್ಣುಮಗಳ ಎದೆಬಡಿತ ಎಲ್ಲ ಊರಿನಲ್ಲೂ ಒಂದೇ.

ಜಪಾನಿನ ರಾಜಧಾನಿ ಟೋಕಿಯೊದಲ್ಲಿ ನೂರಮೂವತ್ತು ವರ್ಷಗಳ ಹಿಂದೆ ಹಾಗೆ ಹೋಗಿಬರುತ್ತಿದ್ದ ಒಬ್ಬ ಹುಡುಗಿ ಮುಂದೆ ಆ ದೇಶದ ದೊಡ್ಡ ಕತೆಗಾರ್ತಿ ಅನ್ನಿಸಿಕೊಂಡಳು. ಹೆಸರು ಹಿಗುಚಿ ಇಚಿಯೊ. ಬದುಕಿದ್ದು ಬರೀ 24 ವರ್ಷ. ಆಕೆ ಬಟ್ಟೆ ಒತ್ತೆಯಿಡುತ್ತಿದ್ದ ಇಸೆಯಾ ಎಂಬ ಅಂಗಡಿಯ ಕಟ್ಟಡ ಆಕೆಯ ಹೆಸರಿನ ಬಲದಿಂದಲೇ ಉಳಿದುಕೊಂಡಿದೆ. ಒಬ್ಬಳ ಬದುಕು, ಒಂದು ಅಂಗಡಿಯ ಚರಿತ್ರೆ, ಎರಡನ್ನೂ ಬಿಡಿಸಿ ಹೇಳುವುದು ಕಷ್ಟ.

ಸಾಲ ಕೊಡುತ್ತಿದ್ದ ಅಪ್ಪ

ಇಚಿಯೊ ಎಂಬುದು ಕಾವ್ಯನಾಮ. ಮನೆಯಲ್ಲಿಟ್ಟ ಹೆಸರು ನತ್ಸು. ಹುಟ್ಟಿದ್ದು 1872ರ ಮೇ 2ರಂದು, ಟೋಕಿಯೊದಲ್ಲಿ. ಅಪ್ಪ ನೊರಿಯೊಶಿ ಕಾಯಿ ಸೀಮೆಯ ರೈತನ ಮಗ. ಮನೆಯವರು ಒಪ್ಪದ ಮದುವೆಗಾಗಿ ತಾಕಿ ಎಂಬ ಹುಡುಗಿಯನ್ನು ಕರೆದುಕೊಂಡು 1857ರಲ್ಲಿ ರಾಜಧಾನಿಗೆ ಓಡಿಬಂದವನು. ಹತ್ತು ವರ್ಷ ದುಡಿದು ಹಣ ಕೂಡಿಸಿ, 1867ರಲ್ಲಿ ಸಮುರಾಯಿ ದರ್ಜೆಯನ್ನೇ ಕೊಂಡುಕೊಂಡ. ಆದರೆ ಗ್ರಹಚಾರ ನೋಡಿ, ಮರುವರ್ಷವೇ ಹಳೆಯ ಆಳ್ವಿಕೆ ಬಿದ್ದುಹೋಯಿತು. ಸಮುರಾಯಿಗಳ ದರ್ಜೆಗೂ ಬೆಲೆ ಇಲ್ಲದಂತಾಯಿತು.

ಆದರೂ ನೊರಿಯೊಶಿ ಎದೆಗುಂದಲಿಲ್ಲ. ಸರ್ಕಾರಿ ನೌಕರಿ ಹಿಡಿದ. ಪಕ್ಕದಲ್ಲಿ ಮನೆ, ಜಾಗದ ವ್ಯವಹಾರ ಮಾಡಿದ, ಬಡ್ಡಿಗೆ ಸಾಲವನ್ನೂ ಕೊಡುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಆ ಮನೆಯಲ್ಲಿ ಕೊಡುವ ಕೈ ಮೇಲಿತ್ತು ಅಂದರೆ ತಪ್ಪಿಲ್ಲ.

ನತ್ಸು ಪುಸ್ತಕದ ಹುಳು. ಶಾಲೆಯಲ್ಲಿ ಮುಂದಿದ್ದರೂ 1883ರಲ್ಲಿ, ಹನ್ನೊಂದನೇ ವಯಸ್ಸಿಗೆ, ಆಕೆಯ ಓದು ನಿಂತಿತು. ಹೆಣ್ಣುಮಕ್ಕಳಿಗೆ ಹೆಚ್ಚು ಓದು ಯಾಕೆ, ಹೊಲಿಗೆ, ಮನೆಗೆಲಸ ಕಲಿತರೆ ಸಾಕು ಅನ್ನೋದು ತಾಯಿಯ ಹಟ. ಅಪ್ಪನಿಗೆ ಮನಸ್ಸು ತಡೆಯಲಿಲ್ಲ. 1886ರಲ್ಲಿ ನಕಾಜಿಮಾ ಉತಾಕೊ ಎಂಬ ಕವಯಿತ್ರಿ ನಡೆಸುತ್ತಿದ್ದ ಹಾಗಿನೊಯಾ ಕಾವ್ಯಶಾಲೆಗೆ ಸೇರಿಸಿದ. ಅಲ್ಲಿದ್ದವರು ದೊಡ್ಡ ಅಧಿಕಾರಿಗಳ, ಸಿರಿವಂತರ ಮಕ್ಕಳು. 1887ರ ಹೊಸವರ್ಷದ ಗೋಷ್ಠಿಗೆ ಅವರೆಲ್ಲ ಹೊಸ ರೇಷ್ಮೆ ಉಟ್ಟು ಬಂದರೆ ನತ್ಸು ಹಳೆಯ ಉಡುಪಿನಲ್ಲೇ ಹೋದಳು. ಅಂದು ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಆಕೆಯ ಪದ್ಯಕ್ಕೆ. ಬಟ್ಟೆಯ ಚಿಂತೆ ಮಾತ್ರ ಅಲ್ಲಿಂದ ಸಾಯೋತನಕ ಬಿಡಲಿಲ್ಲ.

ಹದಿನೇಳಕ್ಕೆ ಮನೆಯ ಯಜಮಾನಿ

ಅದೇ 1887ರ ಕೊನೆಯಲ್ಲಿ ದೊಡ್ಡಣ್ಣ ಕ್ಷಯದಿಂದ ತೀರಿಕೊಂಡ. ಇನ್ನೊಬ್ಬ ಅಣ್ಣ ಮನೆಯಿಂದ ಬೇರೆಯಾಗಿದ್ದ. ಅಕ್ಕನಿಗೆ ಮದುವೆಯಾಗಿತ್ತು. ಹಾಗಾಗಿ 1888ರಲ್ಲಿ ನತ್ಸುವಿನ ಹೆಸರಿಗೇ ಮನೆತನದ ಹೊಣೆ ಬರೆಯಲಾಯಿತು. ಅಪ್ಪ ಗಾಡಿ ಸಾಗಣೆಯವರ ಸಂಘವೊಂದಕ್ಕೆ ಹಣ ಹಾಕಿ ಕೈಸುಟ್ಟುಕೊಂಡ. 1889ರ ಜುಲೈಯಲ್ಲಿ ಸಾಲ ಬಿಟ್ಟು ಹೋದ. ಮದುವೆ ಮಾತಾಗಿದ್ದ ಹುಡುಗನ ಕಡೆಯವರು ಹಣದ ಮಾತೆತ್ತಿದರು. ಇಲ್ಲಿ ಕೊಡಲು ಏನಿತ್ತು? ಸಂಬಂಧ ಮುರಿದುಬಿತ್ತು.

ಹದಿನೇಳು ವರ್ಷದ ಹುಡುಗಿಯ ಮೇಲೆ ತಾಯಿ, ತಂಗಿ ಕುನಿ, ಅಪ್ಪನ ಸಾಲ, ಎಲ್ಲವೂ ಬಿತ್ತು. 1890ರ ಸೆಪ್ಟೆಂಬರಿನಲ್ಲಿ ಮೂವರೂ ಹೊಂಗೊ ಪ್ರದೇಶದ ಕಿಕುಜಾಕಾ ಎಂಬ ಇಳಿಜಾರು ಬೀದಿಯ ಓಣಿಗೆ ಬಂದರು. ಊರವರ ಬಟ್ಟೆ ಒಗೆದು, ಹೊಲಿದು ಹೊಟ್ಟೆ ಹೊರೆಯಬೇಕು. ನತ್ಸುವಿಗೆ ಕಣ್ಣು ಮಂಜು, ಹೊಲಿಗೆಗಿಂತ ಲೇಖನಿ ವಾಸಿ. ಆದರೆ ಪದ್ಯ ಬರೆದರೆ ಅಕ್ಕಿ ಬರುತ್ತದೆಯೇ? ಅದೇ ಬೀದಿಯಲ್ಲಿ ಇಸೆಯಾ ಗಿರವಿ ಅಂಗಡಿ ಇತ್ತು.

ಇಸೆಯಾ ಅಂದರೆ

ಇಸೆ ಸೀಮೆಯ ವರ್ತಕರು ರಾಜಧಾನಿಗೆ ಬಂದು ಬೀದಿಬೀದಿಗೂ ಅಂಗಡಿ ತೆರೆದಿದ್ದರಿಂದ ಇಸೆಯಾ ಎಂಬ ಹೆಸರು ಅಲ್ಲಿ ಬಲು ಸಾಮಾನ್ಯ. ಕಿಕುಜಾಕಾದ ಇಸೆಯಾ ಶುರುವಾದದ್ದು 1860ರಲ್ಲಿ, ನತ್ಸು ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲು. ಒಂದೇ ಮನೆತನದವರ ಅಂಗಡಿ. ಮುಂದೆ ವ್ಯವಹಾರದ ಕಟ್ಟೆ, ಹಿಂದೆ ವಾಸದ ಮನೆ, ಪಕ್ಕದಲ್ಲಿ ದಪ್ಪ ಮಣ್ಣುಗೋಡೆಯ ಉಗ್ರಾಣ. ಆ ಉಗ್ರಾಣವೇ ಇಂಥ ಅಂಗಡಿಯ ಪ್ರಾಣ. ಟೋಕಿಯೊದ ಮನೆಗಳೆಲ್ಲ ಮರ, ಕಾಗದದವು. ಬೆಂಕಿ ಬಿದ್ದರೆ ಬೀದಿಯೇ ಹೋಗುತ್ತಿತ್ತು. ಒತ್ತೆಯಿಟ್ಟವರ ಸಾಮಾನು ಸುಟ್ಟರೆ ಸಾಹುಕಾರನ ಮಾತೂ ಸುಟ್ಟಹಾಗೆ. ಅದಕ್ಕೇ ಮಣ್ಣಿನ ಗೋಡೆ.

ಆ ಕಾಲದ ಗಿರವಿ ಅಂಗಡಿಗಳಲ್ಲಿ ಕೆಲಸದವರಿಗೂ ಮೆಟ್ಟಿಲುಗಳಿದ್ದವು. ಎಲ್ಲರಿಗಿಂತ ಕೆಳಗೆ ದೆಚ್ಚಿ, ಅಂದರೆ ಕೈಹುಡುಗ. ಹತ್ತು ಹನ್ನೆರಡು ವರ್ಷಕ್ಕೇ ಸೇರುತ್ತಿದ್ದ. ಊಟ, ಬಟ್ಟೆ ಸಿಗುತ್ತಿತ್ತು, ಸಂಬಳ ಅಂತ ಕೈಗೆ ಬರುತ್ತಿದ್ದುದು ಕಡಿಮೆ. ಕಸ ಗುಡಿಸಿ, ಗಂಟು ಹೊತ್ತು, ರಾತ್ರಿ ಲೆಕ್ಕ ಕಲಿಯಬೇಕು. ಅದರ ಮೇಲೆ ತೆದಾಯಿ, ಅಂದರೆ ಗುಮಾಸ್ತ. ಎಲ್ಲರ ಮೇಲೆ ಬಾಂತೊ, ಹಿರಿಯ ಗುಮಾಸ್ತ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಳಪದರ ಮುಟ್ಟಿ ನೋಡಿ, ಎಷ್ಟು ಸಲ ಒಗೆದದ್ದು, ಎಷ್ಟು ಕೊಡಬಹುದು ಅಂತ ಹೇಳುವ ಕಣ್ಣು ಅವನದು. ಜೊತೆಗೆ ಎದುರು ನಿಂತವರ ಮುಖ ನೋಡಿ, ಇವರು ಬಿಡಿಸಿಕೊಳ್ಳುವವರೋ ಅಲ್ಲವೋ ಅಂತಲೂ ಅಳೆಯಬೇಕು.

ಅಲ್ಲಿ ಹೆಚ್ಚಾಗಿ ಬರುತ್ತಿದ್ದ ಒತ್ತೆ ಬಂಗಾರವಲ್ಲ, ಬಟ್ಟೆ. ಚಳಿ ಹೋದಮೇಲೆ ಹತ್ತಿ ತುಂಬಿದ ಉಡುಪು ಒಳಗೆ, ಚಳಿ ಬಂದಾಗ ಅದನ್ನು ಬಿಡಿಸಿಕೊಂಡು ಬೇಸಿಗೆಯದು ಒಳಗೆ. ಬಡವರ ಬಟ್ಟೆಪೆಟ್ಟಿಗೆ ಸಾಹುಕಾರನ ಉಗ್ರಾಣದಲ್ಲೇ ಇರುತ್ತಿತ್ತು ಅನ್ನಿ. ಗಡುವಿನೊಳಗೆ ಅಸಲು, ಬಡ್ಡಿ ಕಟ್ಟದಿದ್ದರೆ ಒತ್ತೆ ಹರಿದುಹೋಯಿತು ಅಂತ ಅವರು ಹೇಳುತ್ತಾರೆ, ಹೊಳೆಯ ನೀರಿನಂತೆ. ನಾವು ಮುಳುಗಿತು ಅನ್ನುತ್ತೇವೆ. ಎರಡೂ ನೀರಿನ ಮಾತೇ.

ನತ್ಸು ದಿನಚರಿ ಬರೆಯುತ್ತಿದ್ದಳು. ಕೈಯಲ್ಲಿ ಕಾಸಿಲ್ಲದ ದಿನ ಬಟ್ಟೆಗಂಟು ಇಸೆಯಾಕ್ಕೆ ಹೋದ ಸಂಗತಿ ಅದರಲ್ಲಿದೆ. ಕಿಕುಜಾಕಾ ಬಿಟ್ಟು ಬೇರೆ ಬೀದಿಗಳಿಗೆ ಹೋದಮೇಲೂ ಈ ಅಂಗಡಿಯನ್ನು ಬಿಡಲಿಲ್ಲ. ಗುರುತಿನ ಅಂಗಡಿಯಲ್ಲಿ ವಿವರಣೆ ಕೊಡಬೇಕಾಗಿಲ್ಲ, ಅದೂ ಒಂದು ಸಮಾಧಾನ.

ಕತೆಯಿಂದ ಕಾಸು

ಕಾವ್ಯಶಾಲೆಯ ಹಿರಿಯ ಗೆಳತಿಯೊಬ್ಬಳು 1888ರಲ್ಲಿ ಕಾದಂಬರಿ ಪ್ರಕಟಿಸಿ 33 ಯೆನ್ 20 ಸೆನ್ ಪಡೆದಿದ್ದಳು. ನೂರು ಸೆನ್ನಿಗೆ ಒಂದು ಯೆನ್. ಬರವಣಿಗೆಯಿಂದಲೂ ಮನೆ ನಡೆಸಬಹುದು ಅನ್ನುವ ಆಸೆ ನತ್ಸುವಿಗೆ ಹುಟ್ಟಿದ್ದು ಹಾಗೆ. 1891ರ ಏಪ್ರಿಲ್‌ನಲ್ಲಿ ಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದ ನಕಾರಾಯಿ ತೋಸುಯಿ ಎಂಬವರ ಬಳಿ ಪಾಠಕ್ಕೆ ಹೋದಳು. 1892ರ ಮಾರ್ಚಿನಲ್ಲಿ ಮೊದಲ ಕತೆ ಅಚ್ಚಾಯಿತು. ಗುರುವಿನ ಮೇಲೆ ಮನಸ್ಸಾಗಿತ್ತು. ಊರ ಬಾಯಿ ಸುಮ್ಮನಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಆ ಮನೆಯ ನಂಟು ಕಡಿದುಕೊಂಡಳು.

ಇಚಿಯೊ ಅಂದರೆ ಒಂದು ಎಲೆ. ಬೋಧಿಧರ್ಮ ಜೊಂಡಿನ ಎಲೆಯ ಮೇಲೆ ನದಿ ದಾಟಿದ ಕತೆ ಅಲ್ಲಿ ಪ್ರಸಿದ್ಧ. ಅವನ ಬೊಂಬೆಗೆ ಕಾಲಿರುವುದಿಲ್ಲ. ಜಪಾನೀ ಆಡುಮಾತಿನಲ್ಲಿ ಕಾಲು ಅಂದರೆ ಕಾಸು ಅಂತಲೂ ಅರ್ಥ. ತನಗೂ ಕಾಲಿಲ್ಲ, ಅಂದರೆ ಕಾಸಿಲ್ಲ, ಅಂತ ನಗುನಗುತ್ತಾ ಈ ಹೆಸರಿಟ್ಟುಕೊಂಡಳು ಎಂಬ ಮಾತಿದೆ.

ಕತೆಯ ಹಣ ಸಾಲದಾದಾಗ 1893ರ ಜುಲೈಯಲ್ಲಿ ರ್ಯೂಸೆಂಜಿ ಬೀದಿಗೆ ಹೋಗಿ ಮೂವರೂ ಸಣ್ಣ ಅಂಗಡಿ ಹಾಕಿದರು. ಮೇಣದಬತ್ತಿ, ಸೋಪು, ಮಕ್ಕಳ ಮಿಠಾಯಿ, ಆಟಿಕೆ. ಸಗಟು ಅಂಗಡಿಯಿಂದ ಸಾಮಾನು ತರುವುದು ಇಚಿಯೊ, ಗಲ್ಲಾ ನೋಡುವುದು ಕುನಿ. ಹತ್ತು ತಿಂಗಳಿಗೇ, 1894ರ ಮೇಯಲ್ಲಿ, ಬಾಗಿಲು ಹಾಕಿತು. ಲಾಭ ಬರಲಿಲ್ಲ. ಆದರೆ ಅಲ್ಲಿ ಕಂಡದ್ದು ಮುಂದೆ ಕತೆಯಾಯಿತು.

ಏನನ್ನು ಒತ್ತೆಯಿಡಬಹುದು

ರ್ಯೂಸೆಂಜಿ ಇದ್ದದ್ದು ಯೋಶಿವಾರಾ ಎಂಬ ಸೂಳೆಗೇರಿಯ ಪಕ್ಕದಲ್ಲಿ. ಅಪ್ಪ ಅಮ್ಮಂದಿರು ಮುಂಗಡ ಹಣ ತಗೊಂಡು ಮಗಳನ್ನು ಅಲ್ಲಿಗೆ ಬಿಡುತ್ತಿದ್ದರು. ಆ ಸಾಲ ತೀರುವತನಕ ಅವಳು ಹೊರಗೆ ಬರುವಂತಿಲ್ಲ. ಇಚಿಯೊ ಹುಟ್ಟಿದ ವರ್ಷವೇ, 1872ರಲ್ಲಿ, ಸರ್ಕಾರ ಇಂಥ ಹೆಣ್ಣುಮಕ್ಕಳ ಬಿಡುಗಡೆಗೆ ಆಜ್ಞೆ ಹೊರಡಿಸಿತ್ತು. ಹೆಸರು ಬದಲಾಗಿ ವ್ಯವಹಾರ ಹಾಗೇ ನಡೆಯಿತು. ಅದೂ ಗಿರವಿಯೇ, ಒತ್ತೆ ಮಾತ್ರ ಬಟ್ಟೆಯಲ್ಲ, ಮನುಷ್ಯಳು.

ಅದೇ ಮಾತು ಇಚಿಯೊಳ ಬಾಗಿಲಿಗೂ ಬಂತು. 1894ರಲ್ಲಿ ದಾರಿ ಕಾಣದೆ ಒಬ್ಬ ಜ್ಯೋತಿಷಿಯ ಬಳಿ ಹಣ ಕೇಳಿದಳು. ನೆರವು ಬೇಕಾದರೆ ತನ್ನವಳಾಗಿರಬೇಕು ಅಂತ ಅವನು ಸೂಚಿಸಿದ. ಆಕೆ ಒಪ್ಪಲಿಲ್ಲ. ಇಸೆಯಾದ ಕಟ್ಟೆಯಲ್ಲಿ ಎಷ್ಟೇ ನಾಚಿಕೆಯಾದರೂ ಅಲ್ಲಿ ಕೇಳುತ್ತಿದ್ದುದು ಬಟ್ಟೆ ಮಾತ್ರ. ಹಣ ಕಟ್ಟಿದರೆ ಬಟ್ಟೆ ವಾಪಸ್. ಈ ಎರಡು ಬಗೆಯ ಸಾಲದ ನಡುವಿನ ಅಂತರವನ್ನು ಮೈಮೇಲೆ ಅನುಭವಿಸಿದವಳು ಆಕೆ.

1894ರ ಡಿಸೆಂಬರಿನಿಂದ ಮುಂದಿನ ಹದಿನಾಲ್ಕು ತಿಂಗಳಲ್ಲಿ ಆಕೆಯ ಒಳ್ಳೆಯ ಕತೆಗಳೆಲ್ಲ ಬಂದವು. ಓತ್ಸುಗೊಮೋರಿ ಕತೆಯಲ್ಲಿ ಬಡವನೊಬ್ಬ ಹತ್ತು ಯೆನ್ ಸಾಲ ಮಾಡುತ್ತಾನೆ. ಒಂದೂವರೆ ಯೆನ್ ಬಡ್ಡಿ ಮೊದಲೇ ಮುರಿದುಕೊಂಡು ಕೈಗೆ ಕೊಡುವುದು ಎಂಟೂವರೆ. ಗಡುವು ಮೂರು ತಿಂಗಳು. ಅದನ್ನು ಮುಂದೂಡಲು ಹಣವಿಲ್ಲದೆ, ಮನೆಗೆಲಸದ ಸೋದರಸೊಸೆ ಒಡತಿಯ ಪೆಟ್ಟಿಗೆಯಿಂದ ಎರಡು ಯೆನ್ ಕದಿಯಬೇಕಾಗುತ್ತದೆ. ಇಂಥ ಲೆಕ್ಕ ಪುಸ್ತಕ ಓದಿ ಬರುವುದಿಲ್ಲ. 1895ರಲ್ಲಿ ಶುರುವಾದ ತಾಕೆಕುರಾಬೆಯಲ್ಲಿ ಯೋಶಿವಾರಾದ ಅಂಚಿನಲ್ಲಿ ಆಡಿ ಬೆಳೆಯುವ ಮಕ್ಕಳಿದ್ದಾರೆ. ಅವರಲ್ಲಿ ಮಿದೋರಿ ಎಂಬ ಹುಡುಗಿ ಅಕ್ಕ ಹೋದ ದಾರಿಯಲ್ಲೇ ಹೋಗಬೇಕಾದವಳು. ಓದಿದವರ ಕರುಳು ಹಿಂಡುತ್ತದೆ.

1896ರ ವಸಂತದಲ್ಲಿ ಮೋರಿ ಓಗಾಯಿ, ಕೋಡಾ ರೋಹಾನ್‌ರಂಥ ದೊಡ್ಡ ಲೇಖಕರು ಈ ಕತೆಯನ್ನು ಬಾಯ್ತುಂಬ ಹೊಗಳಿದರು. ಅಷ್ಟರಲ್ಲಿ ಅಣ್ಣನನ್ನು ಒಯ್ದ ಕ್ಷಯ ಇವಳಿಗೂ ಹಿಡಿದಿತ್ತು. 1896ರ ನವೆಂಬರ್ 23ರಂದು ತೀರಿಕೊಂಡಳು. ಇಸೆಯಾದ ಯಜಮಾನ ಸಾವಿನ ಮನೆಗೆ ಕಾಣಿಕೆ ಸಲ್ಲಿಸಿದ. ಒತ್ತೆಯಿಡಲು ಬಂದವಳ ಸಾವಿಗೆ ಒತ್ತೆ ಹಿಡಿದವನ ಗೌರವ. ಗಿರಾಕಿ, ಸಾಹುಕಾರರ ನಡುವೆ ಬಡ್ಡಿಗಿಂತ ಬೇರೆ ಏನೋ ಇತ್ತು ಅನ್ನೋದಕ್ಕೆ ಇದೊಂದೇ ಸಾಕು.

ಮುಳುಗದೆ ಉಳಿದದ್ದು

ಕುನಿ ಅಕ್ಕನ ದಿನಚರಿಯನ್ನು ಜೋಪಾನ ಮಾಡಿದಳು. 1912ರಲ್ಲಿ ಅದು ಅಚ್ಚಾಯಿತು. ಆಗಲೇ ಲೋಕಕ್ಕೆ ಆ ಮನೆಯ ಕಷ್ಟ ಪೂರ್ತಿಯಾಗಿ ಗೊತ್ತಾದದ್ದು. ರ್ಯೂಸೆಂಜಿಯ ಆ ಪುಟ್ಟ ಅಂಗಡಿ ಇದ್ದ ಕಡೆ 1961ರಲ್ಲಿ ಇಚಿಯೊ ಸ್ಮಾರಕ ಸಂಗ್ರಹಾಲಯ ತೆರೆಯಿತು.

ಇಸೆಯಾ 1907ರಲ್ಲಿ ತನ್ನ ಮುಂಭಾಗ ಕಟ್ಟಿಸಿಕೊಂಡು, ಭೂಕಂಪ, ಯುದ್ಧ ಎರಡನ್ನೂ ದಾಟಿ, 1982ರವರೆಗೆ ವ್ಯಾಪಾರ ನಡೆಸಿತು. ಒಟ್ಟು 122 ವರ್ಷ. 2003ರಲ್ಲಿ ಕಟ್ಟಡ ಸರ್ಕಾರದ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿತು. 2015ರಲ್ಲಿ ಸ್ಥಳೀಯ ಆಡಳಿತದ ನೆರವಿನೊಂದಿಗೆ ಅತೋಮಿ ಎಂಬ ಶಿಕ್ಷಣ ಸಂಸ್ಥೆ ಅದನ್ನು ಕೊಂಡು ಉಳಿಸಿತು. ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದ ಸಂಸ್ಥೆ ಅದು. ಹನ್ನೊಂದಕ್ಕೇ ಶಾಲೆ ಬಿಟ್ಟವಳು ಗಂಟು ಹಿಡಿದು ನಿಂತ ಜಾಗ ಈಗ ವಿದ್ಯಾಸಂಸ್ಥೆಯ ಸ್ವತ್ತು.

2004ರ ನವೆಂಬರಿನಲ್ಲಿ ಜಪಾನ್ ಹೊಸ 5,000 ಯೆನ್ ನೋಟು ಹೊರಡಿಸಿತು. ಅದರ ಮೇಲೆ ಇಚಿಯೊಳ ಮುಖ. 2024ರಲ್ಲಿ ಇನ್ನೊಬ್ಬ ಮಹಿಳೆಯ ಚಿತ್ರದ ನೋಟು ಬರುವತನಕ ಸುಮಾರು ಇಪ್ಪತ್ತು ವರ್ಷ ಅದೇ ಹೊರಬರುತ್ತಿತ್ತು. ಎರಡು ಯೆನ್ನಿಗಾಗಿ ಕಳ್ಳಿಯಾದ ಕೆಲಸದವಳ ಕತೆ ಬರೆದವಳನ್ನು ಆ ದೇಶ ದುಡ್ಡಿನ ಮೇಲೆಯೇ ಕೂರಿಸಿತು. ಆದರೆ ಆಕೆಯ ದೊಡ್ಡತನ ಆ ನೋಟಿನಲ್ಲಿಲ್ಲ. ಮೈಮೇಲಿನ ಬಟ್ಟೆ ಒತ್ತೆಯಿಟ್ಟರೂ ತನ್ನನ್ನು ಒತ್ತೆಯಿಡಲಿಲ್ಲವಲ್ಲ, ಅದರಲ್ಲಿದೆ.